ತರಗತಿಯೊಳಗೆ ರಾಟಿ

ನಮ್ಮ ಗುಡಗೇರಿ ಸುತ್ತಲಿನ ಎರೆಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವುದನ್ನು ನೀವು ನೋಡಿದ್ದೀರಿ. ಆ ಕುರಿಯ ಉಣ್ಣೆಯನ್ನು ತರಗತಿಯಲ್ಲಿ ನೂತು ತೋರಿಸಿದರೆ ಆಟವೆಂದು ನಗುವವರಿದ್ದಾರೆ. ಆದರೆ ನೂಲುವುದೇ ಪಾಠವಾಗಬೇಕೆಂಬ ವಿಚಾರಕ್ಕೆ ದೊಡ್ಡ ಇತಿಹಾಸವಿದೆ.

1937ರ ಅಕ್ಟೋಬರ್‌ನಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಶಿಕ್ಷಣ ಪರಿಷತ್ತು ನಡೆಸಿದರು. ಅದು ನೇಮಿಸಿದ ಸಮಿತಿಗೆ ಜಾಮಿಯಾ ಮಿಲ್ಲಿಯಾದ ಡಾ. ಜಾಕಿರ್ ಹುಸೇನರು ಅಧ್ಯಕ್ಷರು. 1967ರಲ್ಲಿ ರಾಷ್ಟ್ರಪತಿಯಾದವರು ಇವರೇ. ಏಳು ವರ್ಷ ಉಚಿತ, ಕಡ್ಡಾಯ ಶಿಕ್ಷಣ. ಅದೂ ಮಾತೃಭಾಷೆಯಲ್ಲಿ, ಒಂದು ಕೈಕಸುಬಿನ ಸುತ್ತ. ಮಕ್ಕಳ ಕೈಕೆಲಸದಿಂದ ಶಿಕ್ಷಕರ ಸಂಬಳ ಹುಟ್ಟಬೇಕೆಂಬುದು ಗಾಂಧೀಜಿಯವರ ಆಸೆಯಾಗಿತ್ತು. ಆದರೆ ಹಣದ ಲೆಕ್ಕ ವಿದ್ಯೆಯನ್ನು ನುಂಗಬಾರದೆಂದು ಸಮಿತಿಯ ವರದಿಯೇ ಎಚ್ಚರಿಸಿತು. ನನಗೆ ಬಹಳ ಹಿಡಿಸಿದ್ದು ಈ ಎಚ್ಚರಿಕೆ.

ಆಗ ಶಾಲೆಗೆ ಬಂದದ್ದು ಹತ್ತಿ ಮತ್ತು ತಕಲಿ. ಹತ್ತಿ ಹಿಂಜುವ ಕಸುಬು ನಮ್ಮ ಪಿಂಜಾರರದು. 'ನದಾಫ್' ಎಂಬ ಅಡ್ಡಹೆಸರಿಗೆ ಅರಬ್ಬಿಯಲ್ಲಿ ಅದೇ ಅರ್ಥ. ಉಣ್ಣೆ ಮಾತ್ರ ಕುರುಬರ ಮನೆಯಲ್ಲೇ ಉಳಿಯಿತು. ಹೆಂಗಸರು ರಾಟಿಯಲ್ಲಿ ನೂಲುವರು, ಗಂಡಸರು ಹುಣಸೆ ಬೀಜದ ಗಂಜಿ ಹಚ್ಚಿ ಕಂಬಳಿ ನೇಯುವರು. ಗಿರಣಿಯ ಅಗ್ಗದ ಹೊದಿಕೆ ಬಂದ ಮೇಲೆ ಕತ್ತರಿಸಿದ ಉಣ್ಣೆಯನ್ನು ಹೊಲದಲ್ಲೇ ಚೆಲ್ಲಿ ಹೋಗುವವರೂ ಇದ್ದಾರೆ.

ನೀವೇ ಮಾಡಿ ನೋಡಿರಿ. ಒಂದು ಹಿಡಿ ಉಣ್ಣೆಯ ಕಸ ಆರಿಸಿ, ಬೆರಳಿನಿಂದ ಬಿಡಿಸಿ ಎಳೆಯಿರಿ, ಹರಿಯುತ್ತದೆ. ಹುರಿ ಕೊಟ್ಟು ಎಳೆಯಿರಿ, ತಡೆಯುತ್ತದೆ. ಕಣ್ಣಿಗೆ ಕಾಣದ ಪೊರೆಗಳು ಉಣ್ಣೆಯ ಎಳೆಗಳ ಮೈಮೇಲಿದ್ದು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ರಾಟಿ ಬಲ್ಲ ಅಜ್ಜಿ ಊರಲ್ಲಿದ್ದರೆ ಅವರನ್ನೇ ಗುರುಗಳಾಗಿ ಕರೆತನ್ನಿ. ಹಿಡಿ ಉಣ್ಣೆಗೆ ಎಷ್ಟು ಮೊಳ ನೂಲು ಬಂತೆಂದು ಗಣಿತದ ವಹಿಯಲ್ಲಿ ಬರೆದಿಡಿ.