ತುರಂಗದ ಕೀಲಿಕೈ ಮತ್ತು ನಾವು

ಜೈಲು ವಾರ್ಡರ್ ನೌಕರಿಗೆ ಅರ್ಜಿ ಕರೆದಿದ್ದಾರೆ ಎಂಬ ಸುದ್ದಿ ರಾಣೆಬೆನ್ನೂರು ಕಡೆಯ ನಮ್ಮ ಕೇರಿಗೆ ಬಂದ ದಿನ ನಾವು ನಾಲ್ಕು ಜನ ಕಟ್ಟೆಯ ಮೇಲೆ ಕೂತಿದ್ದೆವು. ನಾಲ್ವರೂ ನಮ್ಮ ನಮ್ಮ ಮನೆತನದಲ್ಲಿ ಮೊದಲ ಸಲ ಕಾಲೇಜು ಕಂಡವರು. ಹತ್ತನೇತ್ತೆ ಪಾಸಾದರೆ ಸಾಕಾಗುವ ನೌಕರಿಗೆ ಬಿ.ಎ. ಮಾಡಿಕೊಂಡವರು ಬಾಯಿ ಬಿಡುವ ಕಾಲ ಇದು. ಸರಕಾರಿ ಪಗಾರ, ಖಾಕಿ ಬಟ್ಟೆ, ಇರಲಿಕ್ಕೆ ಕ್ವಾರ್ಟರ್ಸು. ಯಾರಿಗೆ ಬ್ಯಾಡ?

ಒಳಗಿನಿಂದ ಆಯಿ ಕೇಳಿದಳು: "ತುರಂಗದಾಗ ಇರಾಕ ಓದಿಸಿದೆವೇನಲೇ ನಿಮ್ಮನ್ನ?"

"ಒಳಗ ಇರಾಕಲ್ಲ ಆಯಿ, ಕಾಯಾಕ."

"ಕಾಯೋದು ನಿಮ್ಮಜ್ಜಗ ತಪ್ಪಲಿಲ್ಲ, ನಿಮಗೂ ತಪ್ಪವಲ್ದು" ಅಂದು ಆಕೆ ಸುಮ್ಮನಾದಳು.

ನಾವೂ ಸುಮ್ಮನಾದೆವು. ಅರ್ಜಿ ತುಂಬುವ ಮೊದಲು ಆಯಿಯ ಮಾತಿಗೆ ಉತ್ತರ ಹುಡುಕಬೇಕಾಗಿತ್ತು. ಹುಡುಕುತ್ತ ಹೋದಂತೆ ಅದು ನಮ್ಮದೇ ಚರಿತ್ರೆಯಾಗಿ ಬಿಚ್ಚಿಕೊಂಡಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮಜ್ಜ ವಾಲೀಕಾರಕಿ ಮಾಡಿದವ. ಚಾವಡಿ ಮುಂದೆ ಕೋಲು ಹಿಡಿದು ಕೂಡುವುದು, ಕುಲಕರ್ಣಿಯ ಕಾಗದವನ್ನು ಮಾಮಲೇದಾರ ಕಚೇರಿಗೆ ಮುಟ್ಟಿಸುವುದು, ಕಂದಾಯದ ಗಂಟಿನ ಸಂಗಡ ನಡೆಯುವುದು, ಸೀಮೆಯ ಕಲ್ಲು ತೋರಿಸುವುದು, ಸಾವಿನ ಸುದ್ದಿ ಒಯ್ಯುವುದು, ಸತ್ತ ದನ ಎಳೆಯುವುದು. ಕಳವಿನ ಗುಮಾನಿಯ ಮೇಲೆ ಯಾರನ್ನಾದರೂ ಹಿಡಿದರೆ ಅವನನ್ನು ತಾಲೂಕಿಗೆ ನಡೆಸಿಕೊಂಡು ಹೋಗುವವನೂ ಅವನೇ. ದಾರಿಯಲ್ಲಿ ಬಾವಿ ಸಿಕ್ಕರೆ, ಹಿಡಿದುಕೊಂಡು ಹೊರಟ ಕಳ್ಳ ಸವರ್ಣನಾಗಿದ್ದರೆ ಮೆಟ್ಟಲಿಳಿದು ನೀರು ಕುಡಿದು ಬರುತ್ತಿದ್ದ. ಕಾವಲಿನವ ಮೇಲೆ ನಿಂತು ಬೊಗಸೆ ಒಡ್ಡುತ್ತಿದ್ದ. ಈ ಇಬ್ಬರಲ್ಲಿ ಕೈದಿ ಯಾರು?

ಈ ಚಾಕರಿಗೆ ಪಗಾರ ಇರಲಿಲ್ಲ. ಕಣದಲ್ಲಿ ಸಿಗುವ ಆಯ, ಒಂದು ತುಂಡು ಇನಾಂ ಹೊಲ. ಬಿಡುತ್ತೇನೆ ಅಂದರೆ ಬಿಡುವ ಹಾಗಿಲ್ಲ. ಅಪ್ಪ ಸತ್ತರೆ ಮಗ ಕೋಲು ಹಿಡಿಯಬೇಕು. ಮುಂಬಯಿ ಸರಕಾರ 1958ರಲ್ಲಿ ಕನಿಷ್ಠ ಗ್ರಾಮ ವತನಗಳನ್ನು ರದ್ದುಮಾಡುವ ಕಾಯ್ದೆ ತಂದಿತು. ಅಷ್ಟರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. ಇಲ್ಲಿ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಜಾರಿಗೆ ಬಂದದ್ದು 1963ರಲ್ಲಿ. ಅಂದರೆ ಕಾವಲು ಕಾಯುವುದು ನಮ್ಮ ಜನಕ್ಕೆ ಹೊಸದಲ್ಲ. ಕೀಲಿಕೈ ಮಾತ್ರ ಎಂದೂ ನಮ್ಮ ಕೈಗೆ ಬಂದಿರಲಿಲ್ಲ.

ಜೈಲಿನ ಚರಿತ್ರೆ ಓದಲು ಕೂತರೆ ಅಲ್ಲಿಯೂ ಎದುರಾದದ್ದು ಇದೇ ಬಾವಿ. ಇಂದು ನಾವು ಕಾಣುವ ಜೈಲು ಕಂಪನಿ ಸರಕಾರ ಕಟ್ಟಿದ್ದು. ಮೆಕಾಲೆಯ ಸಲಹೆಯಂತೆ 1836ರಲ್ಲಿ ಒಂದು ಸಮಿತಿ ಕೂತಿತು, 1838ರಲ್ಲಿ ವರದಿ ಕೊಟ್ಟಿತು. ಕೈದಿಯ ದುಡಿಮೆ ಬೇಸರ ತರುವಂಥದಾಗಿರಬೇಕು, ಜೈಲೆಂದರೆ ಜನ ಹೆದರಬೇಕು ಎಂಬುದು ಅದರ ತಿರುಳು. ಅಲ್ಲಿಯವರೆಗೆ ಕೈದಿಗಳು ತಮ್ಮ ತಮ್ಮ ಜಾತಿಯ ಒಲೆ ಹೂಡಿ ಬೇಯಿಸಿಕೊಳ್ಳುತ್ತಿದ್ದರು. 1840ರ ದಶಕದಲ್ಲಿ ಉತ್ತರದ ಜೈಲುಗಳಲ್ಲಿ ಎಲ್ಲರಿಗೂ ಒಂದೇ ಅಡಿಗೆಮನೆ ಮಾಡಹೊರಟಾಗ ದಂಗೆಗಳಾದವು. 1855ರಲ್ಲಿ ಬಿಹಾರದ ಆರಾ ಮತ್ತು ಮುಜಫ್ಫರಪುರದಲ್ಲಿ ಕೈದಿಗಳ ಹಿತ್ತಾಳೆ ತಂಬಿಗೆ ಕಸಿದುಕೊಂಡು ಮಣ್ಣಿನ ಗಡಿಗೆ ಕೊಟ್ಟಾಗ ಊರಿನ ಜನರೂ ಬೀದಿಗಿಳಿದರು. ಹಿತ್ತಾಳೆಯನ್ನು ತಿಕ್ಕಿ ಶುದ್ಧ ಮಾಡಬಹುದು, ಮಣ್ಣು ಮುಟ್ಟಿಸಿಕೊಂಡರೆ ಮುಗಿಯಿತು!

ಇದನ್ನು ಪರಕೀಯ ಆಳ್ವಿಕೆಯ ವಿರುದ್ಧದ ಬಂಡಾಯವೆಂದು ಬರೆಯುವವರಿದ್ದಾರೆ. ಹೌದು, ಅದು ಬಂಡಾಯವೇ. ಆದರೆ ಆ ಬ್ಯಾರಕ್ಕಿನಲ್ಲಿ ನಮ್ಮವನೂ ಒಬ್ಬ ಇದ್ದಿರಲೇಬೇಕು. ಅವನ ತಂಬಿಗೆಯ ಬಗ್ಗೆ ಯಾರೂ ದಂಗೆ ಎದ್ದ ದಾಖಲೆ ನಮಗೆ ಸಿಕ್ಕಿಲ್ಲ. ಕೊನೆಗೆ ಆದದ್ದೇನು? ಸರಕಾರ ಜಾತಿಯ ಜೊತೆ ರಾಜಿ ಮಾಡಿಕೊಂಡಿತು. ಅಡಿಗೆ ಮೇಲಿನ ಜಾತಿಯವನಿಗೆ, ಪಾಯಖಾನೆ ಕೆಳಗಿನ ಜಾತಿಯವನಿಗೆ. ಊರಲ್ಲಿ ರೂಢಿಯಾಗಿದ್ದದ್ದು ಜೈಲಿನಲ್ಲಿ ಅಚ್ಚಾದ ನಿಯಮವಾಯಿತು.

1894ರ ಕಾರಾಗೃಹ ಕಾಯ್ದೆ ಇದೆಲ್ಲವನ್ನೂ ಒಂದು ಚೌಕಟ್ಟಿಗೆ ತಂದಿತು. ಅದರ 23ನೇ ಕಲಮನ್ನು ನಾವು ಎರಡು ಸಲ ಓದಿದೆವು. ಜೈಲಿನ ಅಧಿಕಾರಿಯಾಗಿ ನೇಮಕವಾದ ಕೈದಿಯನ್ನು ಸರಕಾರಿ ನೌಕರನೆಂದೇ ಎಣಿಸಬೇಕು ಎನ್ನುತ್ತದೆ ಅದು. ಅಂದರೆ ಕೈದಿಯನ್ನೇ ಕೈದಿಯ ಕಾವಲಿಗೆ ಹಚ್ಚುವುದು. ಬಡವನ ಕೈಗೆ ಬಡಿಗೆ ಕೊಟ್ಟು ಬಡವನನ್ನು ಬಡಿಸುವ ಈ ಯುಕ್ತಿ ನಮಗೆ ಗೊತ್ತಿಲ್ಲದ್ದೇ? ಚಾವಡಿಯ ಮುಂದೆ ಅಜ್ಜನ ಕೈಗೆ ಕೋಲು ಕೊಟ್ಟವರ ಯುಕ್ತಿಯೂ ಇದೇ.

ಗೋಡೆಯಿಲ್ಲದ ಜೈಲೂ ನಮ್ಮ ಸೀಮೆಯಲ್ಲಿ ಇತ್ತು. 1857ರಲ್ಲಿ ಆಯುಧ ಕೊಡುವುದಿಲ್ಲ ಅಂದ ಹಲಗಲಿಯ ಬೇಡರಲ್ಲಿ 19 ಜನರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ನೇಣಿಗೆ ಹಾಕಿದರು. ಅವರು ಮಾಡಿದ್ದಾದರೂ ಒಂದು ಕೃತ್ಯ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಗೆ ಕೃತ್ಯವೇ ಬೇಕಾಗಿರಲಿಲ್ಲ, ಹುಟ್ಟು ಸಾಕಾಗಿತ್ತು. 1911ರಲ್ಲಿ ಅದು ಇಡೀ ದೇಶಕ್ಕೆ ಚಾಚಿದ ಮೇಲೆ ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳು ಬೆಳೆದವು. ಕೊರವರು, ಹರಣಶಿಕಾರಿಗಳು, ಹೆಸರಿನಲ್ಲೇ 'ಚೋರ' ಅಂಟಿಸಿಕೊಂಡ ಘಂಟಿಚೋರರು. ಬೆರಳಚ್ಚು ಕೊಡಬೇಕು, ಹಾಜರಿ ಹೇಳಬೇಕು, ಪಾಸಿಲ್ಲದೆ ಹೊರಗೆ ಹೋಗುವಂತಿಲ್ಲ. ಹಗಲು ಗಿರಣಿಯಲ್ಲಿ ದುಡಿಮೆ, ರಾತ್ರಿ ತಂತಿಬೇಲಿಯ ಒಳಗೆ. ಮಕ್ಕಳನ್ನು ತಾಯಿತಂದೆಯಿಂದ ಬೇರೆ ಮಾಡಿ ಶಾಲೆಗೆ ಹಾಕುವ ಅಧಿಕಾರವೂ ಕಾಯ್ದೆಯಲ್ಲಿತ್ತು. ಇದಕ್ಕೆ ಅವರು ಇಟ್ಟ ಹೆಸರು ಸುಧಾರಣೆ! ಹುಬ್ಬಳ್ಳಿಯ ಜನ ಆ ಭಾಗಕ್ಕೆ ಇಂದಿಗೂ ಸೆಟ್ಲಮೆಂಟ್ ಎಂದೇ ಅನ್ನುತ್ತಾರೆ. ಆ ಕೊರವರು, ಘಂಟಿಚೋರರು ಈಗ ನಮ್ಮ ಸಂಗಡ ಪರಿಶಿಷ್ಟ ಜಾತಿ ಪಟ್ಟಿಯಲ್ಲಿದ್ದಾರೆ.

ಈ ಸೆಟ್ಲಮೆಂಟುಗಳನ್ನು ನೋಡಿಕೊಂಡವ ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿ. 1928ರಲ್ಲಿ ಮುಂಬಯಿ ಸರಕಾರ ಅಸ್ಪೃಶ್ಯರ ಮತ್ತು ಆದಿವಾಸಿಗಳ ಸ್ಥಿತಿಗತಿ ತಿಳಿಯಲು ಸಮಿತಿ ಮಾಡಿದಾಗ ಅದಕ್ಕೂ ಇವನೇ ಅಧ್ಯಕ್ಷ. ಆ ಸಮಿತಿಯ ಸದಸ್ಯರಲ್ಲಿ ಒಬ್ಬರು ಬಾಬಾಸಾಹೇಬ ಅಂಬೇಡ್ಕರ್. ತಂತಿಬೇಲಿ ಕಾಯಿಸಿದವನ ಎದುರಿಗೆ ಕೂತು ನಮ್ಮ ಬಾವಿ, ಶಾಲೆ, ನೌಕರಿಗಳ ಲೆಕ್ಕ ಕೇಳಿದರು ಅವರು. ಅದೇ 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಸೈನ್ಯ ಮತ್ತು ಪೊಲೀಸಿನಲ್ಲಿ ನಮ್ಮ ಜನಕ್ಕೆ ಜಾಗ ಬೇಕೆಂದರು. ಖಾಕಿ ಹೊಲಸು, ಅದರ ಹತ್ತಿರ ಹೋಗಬ್ಯಾಡ್ರಿ ಎಂದು ಅವರು ಹೇಳಲಿಲ್ಲ. ಪೊಲೀಸನೂ ಪಾಟೀಲನೂ ತಲಾಟಿಯೂ ಒಂದೇ ಜಾತಿಕಟ್ಟಿನವರಾದಾಗ ಊರಲ್ಲಿ ನಮ್ಮ ದೂರು ಬರೆದುಕೊಳ್ಳುವವರು ಯಾರೂ ಇರುವುದಿಲ್ಲ ಎಂಬುದನ್ನು ಅವರು ಕಂಡಿದ್ದರು.

ಜೈಲು ನಮ್ಮ ತಾಲೂಕುಗಳಲ್ಲಿ ಮಾನದ ಜಾಗವಾದದ್ದೂ ಇದೇ ಕಾಲಕ್ಕೆ. ಬ್ಯಾಡಗಿ ತಾಲೂಕು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧಿಯ ಸಂಗಡ ದಂಡಿಗೆ ನಡೆದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಖಜಾನೆಯ ಮೇಲೆ ಬಿದ್ದಾಗ ಗುಂಡಿಗೆ ಬಲಿಯಾದರು. ಅವರ ಸಂಗಡ ಸತ್ತವರು ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವಪ್ಪನವರ ಹೆಂಡತಿ ಸಿದ್ದಮ್ಮನವರೂ ಜೈಲು ಕಂಡವರು. ಈ ಸಾವುಗಳ ಮುಂದೆ ನಾವು ತಲೆ ಬಾಗುತ್ತೇವೆ. ಆದರೆ ಇನ್ನೊಂದನ್ನೂ ಹೇಳಬೇಕು. 1930ರಲ್ಲೇ ಕೈದಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿದರು. ಓದು, ಅಂತಸ್ತು, ಮನೆಯ ಜೀವನಕ್ರಮ ನೋಡಿ ಮೇಲಿನ ವರ್ಗ. ಪುಸ್ತಕ, ಮಂಚ, ಒಳ್ಳೆಯ ಊಟ ಅವರಿಗೆ. ಹೊಟ್ಟೆಗಿಲ್ಲದೆ ಜೋಳದ ತೆನೆ ಮುರಿದವ ಸಿ ವರ್ಗ. ಎ ವರ್ಗದವರು ಜೈಲಿನಿಂದ ಆತ್ಮಕಥೆ ತಂದರು. ಸಿ ವರ್ಗದವ ಕೆಮ್ಮು ತಂದ.

ಸ್ವಾತಂತ್ರ್ಯ ಬಂತು. ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ದೇಶಾದ್ಯಂತ ಹೋಯಿತು. ಅದರ ಹಿಂದೆಯೇ 'ರೂಢಿಗತ ಅಪರಾಧಿ' ಎಂಬ ಹೊಸ ಹೆಸರಿನ ಕಾಯ್ದೆಗಳು ಬಂದವು; ನಮ್ಮ ರಾಜ್ಯದ್ದು 1961ರದ್ದು. ಸಂವಿಧಾನ ಜೈಲನ್ನು ರಾಜ್ಯಗಳ ಪಾಲಿಗೆ ಕೊಟ್ಟಿತು. 1963ರಲ್ಲಿ ಮೈಸೂರು ರಾಜ್ಯ ತನ್ನದೇ ಕಾರಾಗೃಹ ಕಾಯ್ದೆ ಮಾಡಿಕೊಂಡಿತು. ಎಲುಬುಗೂಡು ಮಾತ್ರ 1894ರದ್ದೇ.

ಮತ್ತೆ ಒಳಗೆ ಯಾರಿದ್ದಾರೆ? ಕೇಂದ್ರ ಸರಕಾರದ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ. ಅವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ಇನ್ನೂ ವಿಚಾರಣೆ ಮುಗಿಯದವರು. 2011ರ ಜನಗಣತಿಯಲ್ಲಿ ನೂರಕ್ಕೆ 16.6ರಷ್ಟಿರುವ ಪರಿಶಿಷ್ಟ ಜಾತಿಯವರು ಜೈಲಿನಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು. ನಮ್ಮವರು ಹೆಚ್ಚು ಪಾಪ ಮಾಡುತ್ತಾರೆಯೇ? ಜಾಮೀನಿಗೆ ನಿಲ್ಲಲು ಪಹಣಿ ಬೇಕು, ವಕೀಲನಿಗೆ ಫೀ ಬೇಕು. ಹೊಲ ಯಾರ ಹೆಸರಿಗಿದೆ ಎಂಬುದೇ ಯಾರು ಒಳಗಿರಬೇಕು ಎಂಬುದನ್ನೂ ನಿರ್ಧರಿಸುತ್ತದೆ.

ನೂರು ಮೀಟರ್ ಓಟಕ್ಕೆ ತಯಾರಾಗುವಷ್ಟೇ ಶ್ರದ್ಧೆಯಿಂದ ಎರಡು ತೀರ್ಪುಗಳನ್ನು ಓದಿಕೊಂಡೆವು. ದಿಲ್ಲಿಯ ತಿಹಾರ್ ಜೈಲಿನಲ್ಲಿ ಗಲ್ಲಿಗೆ ಕಾಯುತ್ತಿದ್ದ ಸುನಿಲ್ ಬಾತ್ರಾ ಎಂಬ ಕೈದಿ, ಹೆಡ್ ವಾರ್ಡರ್ ಒಬ್ಬ ಇನ್ನೊಬ್ಬ ಕೈದಿಗೆ ಕೊಟ್ಟ ಚಿತ್ರಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದ. ಆ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡು ಕೋರ್ಟು 1979ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಕೃಷ್ಣ ಅಯ್ಯರ್ ಬರೆದ ಆ ತೀರ್ಪಿನ ಪ್ರಕಾರ ಮನುಷ್ಯ ಜೈಲಿನ ಬಾಗಿಲು ದಾಟಿದರೂ ಅವನ ಮೂಲಭೂತ ಹಕ್ಕುಗಳು ಹೊರಗೆ ಉಳಿಯುವುದಿಲ್ಲ. ಅಲ್ಲಿ ಹಿಂಸೆ ಕೊಟ್ಟವ ಜೈಲರನಲ್ಲ, ಮಂತ್ರಿಯಲ್ಲ, ಒಬ್ಬ ಹೆಡ್ ವಾರ್ಡರ್. ನಾವು ಅರ್ಜಿ ಹಾಕಬೇಕೆಂದಿರುವ ನೌಕರಿಗಿಂತ ಒಂದೇ ಮೆಟ್ಟಲು ಮೇಲಿನವ.

ಎರಡನೆಯದು 2024ರ ಅಕ್ಟೋಬರ್ 3ರದ್ದು. ಪತ್ರಕರ್ತೆ ಸುಕನ್ಯಾ ಶಾಂತಾ ಹಲವು ರಾಜ್ಯಗಳ ಜೈಲು ಕೈಪಿಡಿಗಳನ್ನು ಕೆದಕಿ 2020ರಲ್ಲಿ ಬರೆದರು, ಆಮೇಲೆ ತಾವೇ ಕೋರ್ಟಿಗೆ ಹೋದರು. ಬಂಗಾಳದ 1967ರ ಜೈಲು ಸಂಹಿತೆ ಕಸಗುಡಿಸಲು ಮೆಹತರ್ ಅಥವಾ ಹರಿ ಜಾತಿಯವರನ್ನು ಆರಿಸಬೇಕೆಂದು ಹೇಳುತ್ತಿತ್ತು. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷಕ್ಕೆ ಬರೆದ ನಿಯಮ! ಮೂವರು ನ್ಯಾಯಮೂರ್ತಿಗಳ ಪೀಠ ಇಂಥವೆಲ್ಲ ಸಂವಿಧಾನಕ್ಕೆ ವಿರುದ್ಧ ಎಂದು ಸಾರಿತು. ಮೂರು ತಿಂಗಳಲ್ಲಿ ಕೈಪಿಡಿ ತಿದ್ದಬೇಕು, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಲಂ ಅಳಿಸಬೇಕು ಎಂದು ಆಜ್ಞೆ ಮಾಡಿತು.

ಅದೇ ತಿಂಗಳು ನಮ್ಮ ರಾಜ್ಯದಲ್ಲಿ ಇನ್ನೊಂದಾಯಿತು. ಗಂಗಾವತಿ ತಾಲೂಕು ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಹಚ್ಚಿದ ಪ್ರಕರಣದಲ್ಲಿ ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟು ಬಹುತೇಕರಿಗೆ ಜಾಮೀನು ಕೊಟ್ಟದ್ದೂ ನಿಜ. ಆದರೂ ಒಂದು ಕ್ಷಣ ನಾವು ಯೋಚಿಸಿದೆವು: ಆ ರಾತ್ರಿ ಬ್ಯಾರಕ್ಕಿನ ಬಾಗಿಲಲ್ಲಿ ಎಣಿಕೆ ಮಾಡುತ್ತ ನಿಂತವ ನಮ್ಮಂಥ ಕೇರಿಯ ಹುಡುಗನಾಗಿದ್ದರೆ? ಬಡಿಗೆ ಕೈಯಲ್ಲಿದೆ, ಒಳಗಿರುವವ ಗುಡಿಸಲು ಸುಟ್ಟವ. ಆಗ ಸುನಿಲ್ ಬಾತ್ರಾನ ಪತ್ರ ನೆನಪಾಗಬೇಕು. ನೆನಪಾಗದಿದ್ದರೆ ನಮ್ಮ ಓದು ದಂಡ. ಅವರಿಗೂ ಅಷ್ಟೇ ಅನ್ನ, ಅಷ್ಟೇ ನೀರು, ಅದೇ ಸಾಲು. ಕೊಳೆತ ಜಾತಿಯ ಲೆಕ್ಕವನ್ನು ಹೊರಗಿಟ್ಟು ತಲೆ ಎಣಿಸುವುದು. ಬಾವಿಯ ಮೇಲೆ ಬೊಗಸೆ ಒಡ್ಡಿ ನಿಂತಿದ್ದ ಅಜ್ಜನ ಮೊಮ್ಮಗ ಯಾರಿಗೂ ಮೇಲಿನಿಂದ ನೀರು ಹೊಯ್ಯಬಾರದು.

ನಾಲ್ವರಲ್ಲಿ ಮೂವರು ಅರ್ಜಿ ತುಂಬಿದೆವು. ಒಬ್ಬ ಒಲ್ಲೆ ಅಂದ: "ಗೋಡಿ ಹೊರಗ ನಿಂತು ಅದನ್ನ ಕೆಡವಾಕ ಯಾರರ ಒಬ್ಬರು ಬೇಕಲ್ಲ?" ಅವನ ಸಂಗಡ ನಮಗೆ ಜಗಳವಿಲ್ಲ. ತುಂಬುವಾಗ ಜಾತಿಯ ಕಲಂ ಬಂತು. ಒಬ್ಬ ಪೆನ್ನು ಎತ್ತಿ ಕೇಳಿದ, ಕೈದಿಯ ಕಾಗದದಿಂದ ಅಳಿಸಿದ್ದನ್ನು ಕಾವಲಿನವನ ಕಾಗದದಲ್ಲಿ ಯಾಕೆ ಬರೆಯಬೇಕು ಅಂತ. ಕೈದಿಯ ಕಲಂನಲ್ಲಿ ಜಾತಿ ಬರೆದವರು ಅವರು, ಪೊರಕೆ ಯಾರ ಕೈಗೆ ಕೊಡಬೇಕೆಂದು ತಿಳಿಯಲು. ಈ ಕಲಂನಲ್ಲಿ ನಮ್ಮ ಕೈಯಿಂದ ನಾವೇ ಬರೆಯುತ್ತೇವೆ, ಬಾಬಾಸಾಹೇಬರು ಕೇಳಿದ ಜಾಗ ಕೇಳಲು. ದಪ್ಪ ಅಕ್ಷರದಲ್ಲಿ ಬರೆದೆವು.

ಆಯಿಗೆ ಹೋಗಿ ಹೇಳಿದೆವು. ಆಕೆ ಕೇಳಿದ್ದು ಒಂದೇ: "ಅಲ್ಲಿ ನೀರು ಎಲ್ಲಾರೂ ಒಂದ ನಳದಾಗ ಹಿಡಿತಾರೇನು?"

ಕೆಲಸ ಸಿಕ್ಕರೆ ಮೊದಲು ನೋಡಿ ಬಂದು ಹೇಳುತ್ತೇವೆ ಎಂದು ಮಾತು ಕೊಟ್ಟಿದ್ದೇವೆ.