ಲ್ಯಾಮಿಂಗ್ಟನ್ ರೋಡಿನ ಕ್ಯಾಸೆಟ್: ಕಡಿಮೆ ದುಡ್ಡಿಗೆ ದೊಡ್ಡ ಆಟ ಸಿಕ್ಕ ಕಥೆ

ಈ ವಾರದ ಮಾತನ್ನು ಓದಿಕೊಳ್ಳೋರಿಗಾಗಿ ಬರಹದಲ್ಲಿ ಹಾಕ್ತಿದ್ದೀನಿ. ವಿಡಿಯೊದಲ್ಲಿ ಅವಸರಕ್ಕೆ ಬಿಟ್ಟುಹೋದ ಒಂದೆರಡು ಸಂಗತಿ ಇಲ್ಲಿ ಸೇರಿಸಿದ್ದೀನಿ.

"ಕಡಿಮೆ ದುಡ್ಡಿಗೆ ಒಳ್ಳೆ ಗೇಮ್ ಯಾವುದಿದೆ ಹೇಳಿ" ಅಂತ ಬಹಳ ಜನ ಕೇಳಿದ್ರಿ. ಪಟ್ಟಿ ಕೊಡೋದು ಸುಲಭ. ಆದರೆ ಮುಂಬೈಯಲ್ಲಿ ಕೂತು ಆ ಪ್ರಶ್ನೆಗೆ ಉತ್ತರ ಹೇಳೋವಾಗ ನನಗೆ ಗ್ರಾಂಟ್ ರೋಡ್ ಸ್ಟೇಷನ್ ಪಕ್ಕದ ಒಂದು ರಸ್ತೆ ಬಿಟ್ಟು ಮಾತು ಶುರು ಮಾಡೋಕಾಗಲ್ಲ. ದಾಖಲೆಯಲ್ಲಿ ಅದು ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗ. ಟ್ಯಾಕ್ಸಿಯವನಿಗೆ ಹಾಗಂದ್ರೆ ಮುಖ ನೋಡ್ತಾನೆ. 1903ರಿಂದ 1907ರವರೆಗೆ ಬಾಂಬೆ ಗವರ್ನರ್ ಆಗಿದ್ದ ಲ್ಯಾಮಿಂಗ್ಟನ್ ಸಾಹೇಬರ ಹೆಸರೇ ಇವತ್ತಿಗೂ ನಡೆಯೋದು. ನಮ್ಮ ಬೆಂಗಳೂರಿನ ಎಸ್.ಪಿ. ರೋಡಿಗೆ ಇದು ಅಣ್ಣ ಅಂದುಕೊಳ್ಳಿ: ರೆಸಿಸ್ಟರ್‌ನಿಂದ ಹಿಡಿದು ಸರ್ವರ್‌ವರೆಗೆ ಎಲ್ಲ ಸಿಗುತ್ತೆ, ಬೆಲೆ ಮಾತ್ರ ನಿಮ್ಮ ಬಾಯಿ ಮೇಲೆ.

ಕಥೆ ಜಪಾನಿನಲ್ಲಿ ಶುರುವಾಗುತ್ತೆ. 1983ರ ಜುಲೈನಲ್ಲಿ ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಅನ್ನೋ ಪೆಟ್ಟಿಗೆ ಬಿಟ್ಟಿತು, ಬೆಲೆ 14,800 ಯೆನ್. ಅಮೆರಿಕಕ್ಕೆ ಹೋಗಿ ಅದೇ ಎನ್‌ಇಎಸ್ ಆಯ್ತು. ಆ ಕಾಲದ ಭಾರತಕ್ಕೆ ಇಂಥ ವಸ್ತು ಸಲೀಸಾಗಿ ಬರೋ ಹಾಗಿರಲಿಲ್ಲ. 1991ರಲ್ಲಿ ಉದಾರೀಕರಣ ಆಯ್ತು ಅಂತೀವಲ್ಲ, ಆಗ ಯಂತ್ರ, ಕಚ್ಚಾಮಾಲಿಗೆ ಬಾಗಿಲು ತೆರೆಯಿತು. ಗ್ರಾಹಕರು ನೇರವಾಗಿ ಕೊಳ್ಳೋ ಸಾಮಾನುಗಳಲ್ಲಿ ಎಷ್ಟೋ ಬಗೆಗಳಿಗೆ ಆಮದು ನಿರ್ಬಂಧ ಮುಂದುವರಿದು, ಕೊನೆಯ ಕಂತು ತೆಗೆದದ್ದು 2001ರ ಏಪ್ರಿಲ್ ಹೊತ್ತಿಗೆ. ಈ ಹತ್ತು ವರ್ಷದ ಸಂದಿಯಲ್ಲೇ ನಮ್ಮ ತಲೆಮಾರಿನ ಆಟವೆಲ್ಲ ನಡೆದದ್ದು. ಮನೀಷ್ ಮಾರ್ಕೆಟ್, ಹಾಜಿ ಅಲಿಯ ಹೀರಾ ಪನ್ನಾ, ಲ್ಯಾಮಿಂಗ್ಟನ್ ರೋಡ್: ಇವು ಬೆಳೆದದ್ದಕ್ಕೆ ವ್ಯಾಪಾರಿಗಳ ಚುರುಕು ಅರ್ಧ ಕಾರಣ, ದೆಹಲಿಯ ಆಮದು ನೀತಿ ಇನ್ನರ್ಧ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಟ್ಕಳದಲ್ಲಿ ಫಾರಿನ್ ಸಾಮಾನಿನ ಅಂಗಡಿಗಳು ಯಾಕೆ ಹುಟ್ಟಿದವು ಅಂತ ಅವರಿಗೆ ಗೊತ್ತು.

ನಿಜವಾದ ನಿಂಟೆಂಡೊ ನೋಡಿದವರು ನಮ್ಮಲ್ಲಿ ಎಷ್ಟು ಜನ? ನಾವು ನೋಡಿದ್ದು ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಮುಂತಾದ ಹೆಸರಿನ ಪೆಟ್ಟಿಗೆಗಳನ್ನ. (ಲಿಟಲ್ ಮಾಸ್ಟರ್ ಅಂದ್ರೆ ಗವಾಸ್ಕರ್ ಅಂತ ಮಕ್ಕಳಿಗೂ ಗೊತ್ತಿದ್ದ ಊರಲ್ಲಿ ಆ ಹೆಸರಿನ ಪೆಟ್ಟಿಗೆ ಮಾರೋಕೆ ಕಷ್ಟ ಏನಿತ್ತು ಹೇಳಿ.) ಇಂಥ ಹೆಚ್ಚಿನ ಪೆಟ್ಟಿಗೆಗಳ ಒಳಗಿದ್ದದ್ದು ಫ್ಯಾಮಿಕಾಮ್‌ನ ನಕಲು. ನಿಂಟೆಂಡೊದವರು ಹಲವು ಚಿಪ್‌ಗಳಲ್ಲಿ ಮಾಡಿದ ಕೆಲಸವನ್ನು ಬರಬರುತ್ತಾ ಒಂದೇ ಚಿಪ್ಪಿಗೆ ಇಳಿಸಿ, ಅದರ ಮೇಲೆ ಕಪ್ಪು ಎಪಾಕ್ಸಿ ಅಂಟು ಸುರಿದು ಕೂರಿಸಿದ್ದರು. ಬೋರ್ಡ್ ನೋಡಿದರೆ ಡಾಂಬರಿನ ಹನಿ ಬಿದ್ದ ಹಾಗೆ ಕಾಣುತ್ತೆ. ಅಗ್ಗವಾಗಿದ್ದಕ್ಕೆ ಗುಟ್ಟು ಅಷ್ಟೇ.

ಇನ್ನು ಕ್ಯಾಸೆಟ್. ಕಾರ್ಟ್ರಿಜ್ ಅಂತ ನಮ್ಮಲ್ಲಿ ಯಾರೂ ಕರೆದದ್ದು ನನಗೆ ನೆನಪಿಲ್ಲ. ಹಾಡಿನ ಕ್ಯಾಸೆಟ್, ಸಿನಿಮಾ ಕ್ಯಾಸೆಟ್, ಹಾಗೇ ಗೇಮ್ ಕ್ಯಾಸೆಟ್. ಮೇಲೆ "9999999 ಇನ್ 1" ಅಂತ ಬರೆದಿರೋದು. ತೊಂಬತ್ತೊಂಬತ್ತು ಲಕ್ಷ ಆಟ! ಒಂದೊಂದಕ್ಕೆ ಒಂದು ನಿಮಿಷ ಕೊಟ್ಟರೂ ಆಡಿ ಮುಗಿಸೋಕೆ ಹತ್ತೊಂಬತ್ತು ವರ್ಷ ಬೇಕು. ಒಳಗಿರ್ತಿದ್ದದ್ದು ಬೆರಳೆಣಿಕೆಯ ಆಟಗಳು. ಮೆನುವಿನ ಸಾಲು ಬೇರೆ ಬೇರೆ, ಅದು ಕರೆದೊಯ್ಯೋ ಆಟ ಒಂದೇ. ಒಂದು ಸಾಲು ಒತ್ತಿದರೆ ಮಾರಿಯೊ ಮೊದಲ ಹಂತದಿಂದ, ಇನ್ನೊಂದು ಒತ್ತಿದರೆ ಮುಂದಿನ ಯಾವುದೋ ಹಂತದಿಂದ. ಕಾಂಟ್ರಾದಲ್ಲಿ ಮೊದಲೇ ಒಳ್ಳೆ ಗನ್ ಕೈಗೆ ಕೊಟ್ಟು ಅದನ್ನು ಹೊಸ ಆಟ ಅಂತ ಲೆಕ್ಕಕ್ಕೆ ಸೇರಿಸೋರು. ಇದು ಮೋಸ ಹೌದೋ ಅಲ್ಲವೋ? ನಾನು ಪ್ರೋಗ್ರಾಮರ್ ಕಣ್ಣಲ್ಲಿ ನೋಡ್ತೀನಿ: ಶುರುವಿನ ಒಂದೆರಡು ಬೈಟ್ ಬದಲಾಯಿಸಿ ಹೊಸ ಸರಕು ಮಾಡಿದ ಆ ಅನಾಮಿಕ ಎಂಜಿನಿಯರ್‌ಗೆ ಒಂದು ಸಲಾಂ ಹೊಡೀಲೇಬೇಕು.

ಇಷ್ಟು ಆಟ ತುಂಬೋಕೆ ಆಗಿದ್ದು ಆಟಗಳು ಅಷ್ಟು ಚಿಕ್ಕವಾಗಿದ್ದರಿಂದ. 1985ರ ಸೂಪರ್ ಮಾರಿಯೊ ಬ್ರದರ್ಸ್ ಪೂರ್ತಿ ಆಟ 40 ಕಿಲೊಬೈಟ್. ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬೆಳಿಗ್ಗೆ ಬರೋ ಶುಭೋದಯದ ಫೋಟೊ ಇದಕ್ಕಿಂತ ದೊಡ್ಡದಿರುತ್ತೆ. ಕಾಂಟ್ರಾದ ಎನ್‌ಇಎಸ್ ರೂಪ 128 ಕಿಲೊಬೈಟ್. ಇವತ್ತಿಗೂ ಜಗತ್ತಿನ ಅತ್ಯುತ್ತಮ ಆಟಗಳ ಪಟ್ಟಿಯಲ್ಲಿ ಮಾರಿಯೊ ಇದೆ. ಅಂದ್ರೆ, ಟೋಕಿಯೊದ ಹುಡುಗ ಆಡಿದ ಆಟವನ್ನೇ ನಾವೂ ಆಡಿದೆವು. ನಮ್ಮದು ಎರಡನೇ ದರ್ಜೆ ಆಟವಾಗಿರಲಿಲ್ಲ, ಪೆಟ್ಟಿಗೆ ಮಾತ್ರ ನಕಲು. ಸಿನಿಮಾ, ಪುಸ್ತಕ, ಬಟ್ಟೆ ಯಾವುದರಲ್ಲೂ ಆ ಕಾಲಕ್ಕೆ ಹೀಗಿರಲಿಲ್ಲ ಅನ್ನೋದು ನನ್ನ ಅನಿಸಿಕೆ.

ಪೆಟ್ಟಿಗೆ ಕೊಳ್ಳೋ ಶಕ್ತಿ ಇಲ್ಲದವರಿಗೆ ಗಲ್ಲಿಯ ವಿಡಿಯೊ ಗೇಮ್ ಪಾರ್ಲರ್. ಕಾಯಿನ್ ಹಾಕಿ ಆಡೋ ಯಂತ್ರ. ಅಲ್ಲಿ ರಾಜ ಯಾರು ಅಂದ್ರೆ ಮುಸ್ತಫಾ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಆ ಆಟಕ್ಕೆ ಇಟ್ಟ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್. ಅದರ ನಾಲ್ಕು ಪಾತ್ರಗಳಲ್ಲಿ ಒಬ್ಬನ ಹೆಸರು ಮುಸ್ತಫಾ ಕೈರೊ. ಮುಂಬೈ ಹುಡುಗರು ಇಡೀ ಆಟಕ್ಕೇ ಆ ಹೆಸರು ಕೊಟ್ಟುಬಿಟ್ಟರು. ಹಾರಿ ಒದೆಯೋದರಲ್ಲಿ ಅವನನ್ನು ಮೀರಿಸೋರಿಲ್ಲ ಅನ್ನೋದು ಒಂದು ಕಾರಣ. ತಮಗೆ ಪರಿಚಯ ಇರೋ ಹೆಸರು ಪರದೆ ಮೇಲೆ ಕಂಡದ್ದು ಇನ್ನೊಂದು ಕಾರಣ ಇರಬೇಕು.

ನಾನು 2003ರಲ್ಲಿ ದಾವಣಗೆರೆಯಿಂದ ಅಂಧೇರಿಯ ಸೀಪ್ಜ್‌ಗೆ ಕೆಲಸಕ್ಕೆ ಬಂದಾಗ ಪಾರ್ಲರ್‌ಗಳು ಇಳಿಮುಖದಲ್ಲಿದ್ದವು. ಆಗ ನಮ್ಮ ರೂಮಿನ ಪಕ್ಕದ ಹೋಟೆಲಿನಲ್ಲಿ ಕುಂದಾಪುರದ ಒಬ್ಬ ಅಣ್ಣ ಕ್ಯಾಶ್‌ನಲ್ಲಿ ಕೂರ್ತಿದ್ದರು. ಹುಡುಗನಾಗಿ ಬಂದು, ಹಗಲು ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗೆ ಹೋದವರು. ಪ್ರತಿ ವರ್ಷ ಊರಿಗೆ ಹೋಗೋ ಮುಂಚೆ ಲ್ಯಾಮಿಂಗ್ಟನ್ ರೋಡಿಗೆ ಒಂದು ಸುತ್ತು. "ಊರಿಗ್ ಹೋಪತಿಗೆ ಮಕ್ಕಳಿಗ್ ಎಂತಾರೂ ತಕಂಡ್ ಹೋಯ್ಕಲ್ದಾ" ಅಂತಿದ್ದರು. ತೊಂಬತ್ತರ ದಶಕದಲ್ಲಿ ಅವರು ಒಯ್ದ ಟಿವಿ ಗೇಮ್ ಅವರ ಊರಿಗೇ ಮೊದಲನೆಯದಂತೆ. ಹಳೇ ಕ್ಯಾಸೆಟ್ ಕೊಟ್ಟು ಮೇಲೆ ಸ್ವಲ್ಪ ದುಡ್ಡು ಹಾಕಿದರೆ ಬೇರೆ ಕ್ಯಾಸೆಟ್ ಕೊಡ್ತಿದ್ದರು ಅಂಗಡಿಯವರು. ಹಾಗಾಗಿ ಒಂದೇ ಕ್ಯಾಸೆಟ್ ಎಷ್ಟು ಮನೆ ಸುತ್ತಿರಬಹುದು ಅಂತ ಅವರು ಲೆಕ್ಕ ಹಾಕಿ ನಗ್ತಿದ್ದರು. ನನಗೆ ಈ ಇತಿಹಾಸದ ಮೊದಲ ಪಾಠ ಆದದ್ದು ಅವರ ಕ್ಯಾಶ್ ಕೌಂಟರಿನಲ್ಲೇ.

ನಮ್ಮ ಕಾಲಕ್ಕೆ ಸಿಡಿ ಬಂದಿತ್ತು. ಪ್ರಾಜೆಕ್ಟ್ ಐಜಿಐ ನೆನಪಿದೆಯಲ್ಲ? ನಾರ್ವೆಯ ಇನ್ನರ್‌ಲೂಪ್ ಅನ್ನೋ ಸಣ್ಣ ಕಂಪನಿ 2000ದಲ್ಲಿ ಮಾಡಿದ ಆಟ. ಹೊರಗೆ ಅದಕ್ಕೆ ಸಾಧಾರಣ ವಿಮರ್ಶೆ ಬಂತು: ಮಧ್ಯೆ ಸೇವ್ ಮಾಡೋ ಹಾಗಿಲ್ಲ, ಜೊತೆಗಾರರೊಡನೆ ಆಡೋ ಹಾಗಿಲ್ಲ ಅಂತ. ಭಾರತದಲ್ಲಿ ಮಾತ್ರ ಸೈಬರ್ ಕೆಫೆ ಕೆಫೆಯಲ್ಲೂ ಅದೇ. ಹಳೇ ಕಂಪ್ಯೂಟರಿನಲ್ಲೂ ಓಡ್ತಿತ್ತು, ಒಂದೇ ಸಿಡಿ, ಅಷ್ಟು ಸಾಕಿತ್ತು. ವೈಸ್ ಸಿಟಿ 2003ರಲ್ಲಿ ಪಿಸಿಗೆ ಬಂದಾಗ ಎರಡು ಸಿಡಿ. ಫುಟ್‌ಪಾತಿನಲ್ಲಿ ಅದು "ರಿಪ್" ಆಗಿ ಒಂದೇ ಸಿಡಿಗೆ ಇಳಿಯಿತು. ಏನು ಕತ್ತರಿಸಿದರು? ಹಾಡು, ರೇಡಿಯೊ. ವೈಸ್ ಸಿಟಿಯ ಜೀವವೇ ಅದರ ಕಾರ್ ರೇಡಿಯೊ. ಎಷ್ಟೋ ಜನ ಆ ಊರಿನಲ್ಲಿ ವರ್ಷಗಟ್ಟಲೆ ಮೌನವಾಗಿ ಕಾರ್ ಓಡಿಸಿದ್ದಾರೆ. ಅಗ್ಗಕ್ಕೆ ತೆತ್ತ ಬೆಲೆ ಏನು ಅಂತ ಕೇಳಿದರೆ ನಾನು ಮೊದಲು ಹೇಳೋದು ಇದನ್ನೇ.

ಕಾನೂನು ಇರಲಿಲ್ಲ ಅಂತಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ವ್ಯಾಪ್ತಿಗೆ ಕಂಪ್ಯೂಟರ್ ಪ್ರೋಗ್ರಾಂ 1984ರ ತಿದ್ದುಪಡಿಯಲ್ಲೇ ಬಂದಿತ್ತು. 1995ರಲ್ಲಿ ಜಾರಿಗೆ ಬಂದ 63ಬಿ ಕಲಮು, ಗೊತ್ತಿದ್ದೂ ಕದ್ದ ಪ್ರತಿ ಬಳಸಿದವನಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು ಅನ್ನುತ್ತೆ. ಅಮೆರಿಕ ಸರ್ಕಾರದ ವ್ಯಾಪಾರ ಕಚೇರಿ ತನ್ನ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲಿ ಲ್ಯಾಮಿಂಗ್ಟನ್ ರೋಡ್, ಹೀರಾ ಪನ್ನಾಗಳ ಹೆಸರು ಹಾಕಿತ್ತು. ಇತ್ತೀಚೆಗೆ ನಮ್ಮ ಎಸ್.ಪಿ. ರೋಡಿಗೂ ಆ ಭಾಗ್ಯ ಬಂತು. ಆಗಾಗ ರೇಡ್ ಆಗೋದು, ಒಂದು ವಾರ ಶಟರ್ ಎಳೆಯೋದು, ಮತ್ತೆ ಅದೇ ಕಥೆ.

ಇಲ್ಲಿ ಪೋಲೆಂಡಿನ ಒಂದು ಕಥೆ ಹೇಳಲೇಬೇಕು. ಯಾಕಂದ್ರೆ ಅವರ ಪರಿಸ್ಥಿತಿ ಹೆಚ್ಚುಕಡಿಮೆ ನಮ್ಮದೇ. ವಾರ್ಸಾದಲ್ಲಿ ವಾರಾಂತ್ಯದ ಕಂಪ್ಯೂಟರ್ ಸಂತೆ ನಡೀತಿತ್ತು, ಅಲ್ಲೂ ನಕಲು ಆಟಗಳದ್ದೇ ರಾಜ್ಯ. 1994ರವರೆಗೆ ಅಲ್ಲಿ ಸಾಫ್ಟ್‌ವೇರಿಗೆ ಸರಿಯಾದ ಕಾನೂನೇ ಇರಲಿಲ್ಲ, ಆ ಮಟ್ಟಿಗೆ ನಾವೇ ಮುಂದೆ. ಆ ಸಂತೆಯಲ್ಲಿ ಆಟ ಮಾರ್ತಿದ್ದ ಮಾರ್ಚಿನ್ ಇವಿನ್ಸ್ಕಿ, ಮಿಹಾವ್ ಕಿಚಿನ್ಸ್ಕಿ ಅನ್ನೋ ಇಬ್ಬರು ಶಾಲಾ ಗೆಳೆಯರು 1994ರಲ್ಲಿ ಸಿಡಿ ಪ್ರೊಜೆಕ್ಟ್ ಅಂತ ಕಂಪನಿ ಮಾಡಿದರು. 1999ರಲ್ಲಿ ಬಾಲ್ಡರ್ಸ್ ಗೇಟ್ ಆಟವನ್ನು ಪೂರ್ತಿ ಪೋಲಿಷ್ ಭಾಷೆಗೆ ತಂದರು. ಹೆಸರಾಂತ ನಟರಿಂದ ಮಾತಾಡಿಸಿದರು. ಡಬ್ಬಿಯಲ್ಲಿ ಹಳೇ ಚರ್ಮಪತ್ರದಂಥ ನಕಾಶೆ, ನಿಯಮದ ಪುಸ್ತಕ, ಹಾಡಿನ ಸಿಡಿ ಎಲ್ಲ ಇಟ್ಟರು. ಬೆಲೆಯಲ್ಲಿ ಫುಟ್‌ಪಾತಿನವನನ್ನು ಸೋಲಿಸೋಕಾಗಲ್ಲ, ಆದರೆ ಅವನ ಕೈಲಾಗದ್ದನ್ನು ಕೊಡಬಹುದು ಅನ್ನೋದು ಅವರ ಲೆಕ್ಕ. ಮೊದಲ ದಿನವೇ 18,000 ಪ್ರತಿ ಹೋಯ್ತು. ಇದೇ ಕಂಪನಿ 2007ರಲ್ಲಿ ದಿ ವಿಚರ್ ಮಾಡಿತು. 2008ರಲ್ಲಿ ಹಳೇ ಆಟಗಳನ್ನು ಬೀಗವಿಲ್ಲದೆ, ಕಡಿಮೆ ಬೆಲೆಗೆ ಮಾರೋ ಜಿಒಜಿ ಅಂಗಡಿ ತೆರೆಯಿತು.

ಹಾಗಾದ್ರೆ ಲ್ಯಾಮಿಂಗ್ಟನ್ ರೋಡಿನಿಂದ ಇಂಥದ್ದು ಯಾಕೆ ಹುಟ್ಟಲಿಲ್ಲ? ಬುದ್ಧಿಗೆ ಬರ ಇರಲಿಲ್ಲ. ಮುಂಬೈಯಲ್ಲೇ 1999ರಲ್ಲಿ ವಿಶಾಲ್ ಗೊಂಡಲ್ ಇಂಡಿಯಾಗೇಮ್ಸ್ ಕಟ್ಟಿದರು. ಆ ಕಂಪನಿ ಹೋದದ್ದು ಮೊಬೈಲ್ ಆಟಗಳ ದಾರಿಯಲ್ಲಿ. ನೋಕಿಯಾ ಫೋನಿಗೆ ಇಳಿಸಿಕೊಳ್ಳೋ ಪುಟ್ಟ ಜಾವಾ ಆಟಗಳು. ದುಡ್ಡು ಫೋನ್ ಬಿಲ್ಲಿನಲ್ಲೇ ಕಟ್ ಆಗೋದು. ಕ್ರೆಡಿಟ್ ಕಾರ್ಡ್ ಇಲ್ಲದ ದೇಶಕ್ಕೆ ಅದು ಜಾಣ ದಾರಿ, ಆದರೆ ಗಳಿಕೆಯ ದೊಡ್ಡ ಪಾಲು ಟೆಲಿಕಾಂ ಕಂಪನಿಗಳಿಗೆ ಹೋಗ್ತಿತ್ತು. ಕೊನೆಗೆ ಇಂಡಿಯಾಗೇಮ್ಸ್ ಯುಟಿವಿಗೆ, ಅಲ್ಲಿಂದ ಡಿಸ್ನಿಗೆ ಸೇರಿತು. ಸೋನಿ ಕೂಡ 2009ರ ಸುಮಾರಿಗೆ ಪಿಎಸ್2ಗೆ ಹನುಮಾನ್, ದೇಸಿ ಅಡ್ಡಾದಂಥ ಭಾರತೀಯ ಆಟಗಳನ್ನು 499 ರೂಪಾಯಿಗೆ ಬಿಟ್ಟು ನೋಡಿತು. ಬೆಲೆ ಸರಿಯಾಗಿತ್ತು. ಆಟ ಚೆನ್ನಾಗಿರಲಿಲ್ಲ, ಮುಚ್ಚುಮರೆ ಯಾಕೆ.

ನನ್ನ ಅಭಿಪ್ರಾಯದಲ್ಲಿ ಉಳಿದ ಕಾರಣ ಭಾಷೆ. ಪೋಲೆಂಡಿನವರು ಒಂದು ಭಾಷೆಗೆ ಮಾಡಿದರೆ ಇಡೀ ದೇಶಕ್ಕೆ ಸಾಕು. ಮುಂಬೈ ವ್ಯಾಪಾರಿ ಯಾವ ಭಾಷೆಗೆ ಮಾಡಬೇಕಿತ್ತು? ಮರಾಠಿಗೋ, ಹಿಂದಿಗೋ, ಗುಜರಾತಿಗೋ? ಕನ್ನಡದ ಮಾತು ದೂರವೇ ಉಳಿಯಿತು. ಎಲ್ಲರೂ ಇಂಗ್ಲಿಷಿನಲ್ಲೇ ಒದ್ದಾಡಿಕೊಂಡು ಆಡ್ತಾರೆ ಅಂದ ಮೇಲೆ ಯಾರು ಖರ್ಚು ಮಾಡ್ತಾರೆ? ನನಗೀಗ ನಲವತ್ತು ದಾಟಿದೆ, ಕನ್ನಡದಲ್ಲಿ ಮಾತಾಡೋ ದೊಡ್ಡ ಆಟ ಒಂದನ್ನೂ ಆಡಿಲ್ಲ. ಡಬ್ಬಿಂಗ್ ಬೇಕೋ ಬೇಡವೋ ಅಂತ ಸಿನಿಮಾಕ್ಕೆ ದಶಕಗಟ್ಟಲೆ ಜಗಳ ಆಡಿದ ನಾವು ಆಟಗಳ ಬಗ್ಗೆ ಆ ಪ್ರಶ್ನೆಯನ್ನೇ ಎತ್ತಲಿಲ್ಲ.

ಫುಟ್‌ಪಾತಿನ ಸಿಡಿಯನ್ನು ಕೊನೆಗೆ ಸೋಲಿಸಿದ್ದು ಪೊಲೀಸರಲ್ಲ, ಸ್ಟೀಮ್. 2003ರಲ್ಲಿ ಶುರುವಾದಾಗ ಎಲ್ಲರೂ ಬೈದುಕೊಂಡ ಸಾಫ್ಟ್‌ವೇರ್ ಅದು. 2015ರ ನವೆಂಬರಿನಲ್ಲಿ ಅಲ್ಲಿ ರೂಪಾಯಿ ಬೆಲೆ ಬಂತು. ಡಾಲರನ್ನು ಗುಣಿಸಿ ನೋಡೋ ಕಾಟ ತಪ್ಪಿತು. ಎಷ್ಟೋ ಸಣ್ಣ ತಯಾರಕರು ನಮ್ಮ ಜೇಬು ನೋಡಿ ಬೇರೆಯೇ ಬೆಲೆ ಇಟ್ಟರು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಚಿಂತೆಯೂ ಇಳಿಯಿತು. 2020ರ ಮೇನಲ್ಲಿ, ಲಾಕ್‌ಡೌನ್ ನಡುವೆ, ಎಪಿಕ್‌ನವರು ಜಿಟಿಎ 5 ಅನ್ನು ಒಂದು ವಾರ ಪುಕ್ಕಟೆ ಹಂಚಿದರು. ಫುಟ್‌ಪಾತಿಗಿಂತ ಅಗ್ಗ, ರೇಡಿಯೊ ಸಮೇತ.

ಈಗ ನೀವು ಕೇಳಿದ ಪಟ್ಟಿ, ಚುಟುಕಾಗಿ. ಪೋರ್ಟಲ್ 1 ಮತ್ತು 2, ಹಾಫ್ ಲೈಫ್ 2: ಸೇಲ್ ಬಂದಾಗ ವಡಾಪಾವ್-ಕಟಿಂಗ್ ಚಹಾದ ದುಡ್ಡಿಗೆ ಸಿಗ್ತವೆ. ಸ್ಟಾರ್‌ಡ್ಯೂ ವ್ಯಾಲಿ, ಒಬ್ಬನೇ ಮನುಷ್ಯ ಮಾಡಿದ ಹೊಲ-ಮನೆಯ ಆಟ. ಊರಿನ ಜಮೀನು ಬಿಟ್ಟುಬಂದವರು ಅದನ್ನು ಹುಷಾರಾಗಿ ಆಡಿ, ಕಣ್ಣು ತುಂಬಿಕೊಂಡರೆ ನಾನು ಹೊಣೆ ಅಲ್ಲ. ವೀಸಾ ಕ್ಯೂನಲ್ಲಿ ನಿಂತವರಿಗೆ ಪೇಪರ್ಸ್ ಪ್ಲೀಸ್. ಪೂರ್ತಿ ಪುಕ್ಕಟೆ ಬೇಕಾ? ನಮ್ಮ ಪಶ್ಚಿಮ ರೈಲ್ವೆ ದಾರಿಯಲ್ಲಿ ವಾಪಿ ಇದೆಯಲ್ಲ, ಅದರ ಪಕ್ಕದ ಛಾಲಾ ಅನ್ನೋ ಊರಲ್ಲಿ ಸ್ಟುಡಿಯೊ ಓಲಿಯೊಮಿಂಗಸ್ ಅಂತ ಇದೆ. ಅವರ ಕೆಲವು ಪುಟ್ಟ ಆಟಗಳನ್ನು ಇಚ್.ಐಒ ತಾಣದಲ್ಲಿ ದುಡ್ಡು ಕೊಡದೆಯೂ ಆಡಬಹುದು. ಕಥೆಗಳ ಒಳಗೆ ಕಥೆ, ವಸಾಹತು ಕಾಲದ ಗುಜರಾತ್. ಬಂದೂಕು ಹಿಡಿದು ಓಡೋರಿಗೆ ಬೇಜಾರಾಗುತ್ತೆ.

ಕೊನೆಗೆ ಒಂದು ಕೆಲಸದ ಮಾತು. ಊರಿನ ಅಟ್ಟದ ಮೇಲೆ ಹಳೇ ಕ್ಯಾಸೆಟ್ ಇದ್ದರೆ ರದ್ದಿಗೆ ಹಾಕಬೇಡಿ. ಆ ನಕಲು ಕ್ಯಾಸೆಟ್‌ಗಳ ಮೆನು, ಅದರ ವಿಚಿತ್ರ ಹೆಸರುಗಳು, ತಿರುಚಿದ ಮಾರಿಯೊಗಳು ಯಾವ ಕಂಪನಿಯ ದಾಖಲೆಯಲ್ಲೂ ಇರಲ್ಲ. ಮಾಡಿದವರು ಹೆಸರು ಹಾಕಿಲ್ಲ, ಮಾರಿದವರು ಬಿಲ್ ಕೊಟ್ಟಿಲ್ಲ. ದಸರಾಕ್ಕೆ ಹೋದಾಗ ಕೆಳಗಿಳಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿ ಅದ್ದಿ ಪಿನ್‌ಗಳನ್ನು ಒರೆಸಿ, ಒಣಗಿದ ಮೇಲೆ ಹಾಕಿ ನೋಡಿ. ಬಾಯಲ್ಲಿ ಊದಬೇಡಿ. ನಾವೆಲ್ಲ ಅದನ್ನೇ ಮಾಡ್ತಿದ್ದೆವು, ಉಸಿರಿನ ತೇವಕ್ಕೆ ಪಿನ್ ತುಕ್ಕು ಹಿಡಿಯುತ್ತೆ.