ಯೆಶಾಯನ 53ನೇ ಅಧ್ಯಾಯ: ಬೋಧನೆಯಿಂದ ಪುರಾವೆಯವರೆಗೆ

ಯೇಸುವಿನ ಶ್ರಮೆ, ಮರಣ, ಪುನರುತ್ಥಾನಗಳನ್ನು ಹಳೆಯ ಒಡಂಬಡಿಕೆಯ ಪ್ರವಾದಿಗಳು ಮೊದಲೇ ಸಾರಿದ್ದರು, ಅವು ನೆರವೇರಿದ್ದೇ ಕ್ರೈಸ್ತ ವಿಶ್ವಾಸಕ್ಕೆ ಆಧಾರ ಎಂಬ ವಾದ ಬಹಳ ಹಳೆಯದು. ಈ ವಾದ ಎಲ್ಲಕ್ಕಿಂತ ಹೆಚ್ಚಾಗಿ ಆತುಕೊಂಡಿರುವುದು ಯೆಶಾಯ ಗ್ರಂಥದ 52:13ರಿಂದ 53:12ರವರೆಗಿನ ಹದಿನೈದು ವಚನಗಳನ್ನು. ಜನರ ತಿರಸ್ಕಾರಕ್ಕೆ ಗುರಿಯಾಗಿ, ಇತರರ ಪಾಪದ ಹೊರೆ ಹೊತ್ತು, ಬಾಯಿಬಿಡದೆ ಸತ್ತು, ಕಡೆಗೆ ದೇವರಿಂದ ಮೇಲೇರಿಸಲ್ಪಡುವ ಒಬ್ಬ ಸೇವಕನ ಚಿತ್ರ ಅಲ್ಲಿದೆ. ಶುಭ ಶುಕ್ರವಾರದ ಆರಾಧನೆಯಲ್ಲಿ ಇಂದಿಗೂ ಅದನ್ನು ಓದುತ್ತಾರೆ. ಈ ಭಾಗ ಪುರಾವೆಯಾಗುವುದಕ್ಕೆ ಮೊದಲು ಸಭೆಯೊಳಗೆ ಬದುಕಿನ ಬೋಧನೆಯಾಗಿತ್ತು ಎಂಬುದು ನನ್ನ ನಿಲುವು. ಆ ಕ್ರಮ ಮರೆತುಹೋದ ಕಾಲದಲ್ಲೇ ವಾದವೂ ಸೊರಗಿತು.

ಹೊಸ ಒಡಂಬಡಿಕೆ ಈ ಭಾಗವನ್ನು ಎಲ್ಲೆಲ್ಲಿ ಉದ್ಧರಿಸುತ್ತದೆ ಎಂದು ನೋಡೋಣ. ಮತ್ತಾಯ (8:17) ಅದನ್ನು ತರುವುದು ಶಿಲುಬೆಯ ಬಳಿ ಅಲ್ಲ, ಯೇಸು ರೋಗಿಗಳನ್ನು ವಾಸಿಮಾಡಿದ ಸಂದರ್ಭದಲ್ಲಿ. ಯೋಹಾನ (12:38) ಮತ್ತು ಪೌಲ (ರೋಮಾಪುರದವರಿಗೆ 10:16) ಜನರು ಸುವಾರ್ತೆಯನ್ನು ಏಕೆ ನಂಬಲಿಲ್ಲ ಎಂಬುದಕ್ಕೆ ಉತ್ತರವಾಗಿ 53ನೇ ಅಧ್ಯಾಯದ ಮೊದಲ ವಚನವನ್ನು ಬಳಸುತ್ತಾರೆ. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಅಧಿಕಾರಿ ರಥದಲ್ಲಿ ಕುಳಿತು ಇದನ್ನೇ ಓದುತ್ತಿದ್ದಾನೆ. ಪ್ರವಾದಿ ತನ್ನ ವಿಷಯ ಹೇಳಿಕೊಳ್ಳುತ್ತಿದ್ದಾನೋ ಬೇರೊಬ್ಬನ ವಿಷಯವೋ ಎಂದು ಫಿಲಿಪ್ಪನನ್ನು ಕೇಳುತ್ತಾನೆ. ಮುಂದಿನ ಚರ್ಚೆಯೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗಿದೆ. ಪೇತ್ರನ ಮೊದಲನೆಯ ಪತ್ರದ ಎರಡನೇ ಅಧ್ಯಾಯದ ವಿಷಯವಂತೂ ಬೇರೆಯೇ. ಯಜಮಾನರಿಂದ ಅನ್ಯಾಯವಾಗಿ ಪೆಟ್ಟು ತಿನ್ನುವ ಮನೆಯಾಳುಗಳಿಗೆ ಅಲ್ಲಿ ಬುದ್ಧಿಮಾತು ಹೇಳಲಾಗುತ್ತಿದೆ. ಸೇವಕನ ಮಾತುಗಳು ಬರುವುದು ಅವರಿಗಾಗಿ. ಸುಮಾರು ಕ್ರಿ.ಶ. 96ರಲ್ಲಿ ರೋಮಿನ ಸಭೆ ಕೊರಿಂಥದ ಸಭೆಗೆ ಬರೆದ, ಕ್ಲೆಮೆಂಟ್‌ನ ಹೆಸರಿನಲ್ಲಿ ಉಳಿದಿರುವ ಪತ್ರದ 16ನೇ ಅಧ್ಯಾಯ 53ನೇ ಅಧ್ಯಾಯವನ್ನು ಇಡಿಯಾಗಿಯೇ ಎತ್ತಿಕೊಳ್ಳುತ್ತದೆ. ಕೊರಿಂಥದಲ್ಲಿ ಹಿರಿಯರನ್ನು ಸ್ಥಾನದಿಂದ ಇಳಿಸಿ ಒಳಜಗಳ ಎದ್ದಿತ್ತು. ಕ್ರಿಸ್ತನ ದೀನತೆಯನ್ನು ತೋರಿಸಿ ಅವರನ್ನು ತಿದ್ದುವುದಷ್ಟೇ ಪತ್ರದ ಉದ್ದೇಶ. ಹೊರಗಿನವರಿಗೆ ಏನನ್ನೂ ಸಾಬೀತು ಮಾಡುವ ಪ್ರಯತ್ನ ಅಲ್ಲಿಲ್ಲ.

ಪುರಾವೆಯ ಪಾತ್ರ ಸ್ಪಷ್ಟವಾಗಿ ಕಾಣುವುದು ಜಸ್ಟಿನ್‌ನಲ್ಲಿ. ಇವನು ಸಮಾರ್ಯದ ಫ್ಲಾವಿಯಾ ನೆಯಾಪೊಲಿಸ್‌ನವನು. ತತ್ತ್ವಶಾಸ್ತ್ರದ ಹಲವು ಪಂಥಗಳನ್ನು ಸುತ್ತಿ ಬಂದು ಕ್ರೈಸ್ತನಾದವನು, ಸುಮಾರು 165ರಲ್ಲಿ ರೋಮಿನಲ್ಲಿ ಹುತಾತ್ಮನಾದವನು. ರೋಮನ್ನರ ಕಣ್ಣಿಗೆ ಕ್ರೈಸ್ತ ಮತ ನಿನ್ನೆ ಮೊನ್ನೆ ಹುಟ್ಟಿದ್ದು, ಆದ್ದರಿಂದಲೇ ಅನುಮಾನಾಸ್ಪದ. ಚಕ್ರವರ್ತಿ ಆಂಟೋನಿನಸ್ ಪಯಸ್‌ಗೆ ಸುಮಾರು 155ರಲ್ಲಿ ಬರೆದ ಸಮರ್ಥನೆಯಲ್ಲಿ ಜಸ್ಟಿನ್ ಇದಕ್ಕೆ ಪ್ರವಾದಿಗಳನ್ನು ಮುಂದಿಟ್ಟು ಉತ್ತರಿಸಿದ. ಮೋಶೆ ಪ್ಲೇಟೋಗಿಂತ ಹಿಂದಿನವನು, ಈ ಗ್ರಂಥಗಳು ಗ್ರೀಕರ ಜ್ಞಾನಕ್ಕಿಂತ ಹಳೆಯವು ಎಂಬುದು ಅವನ ಪಟ್ಟು.

ಅವನ ಇನ್ನೊಂದು ಕೃತಿ ರೋಮಿನ ವಿರುದ್ಧ ಯೆಹೂದ್ಯರು ದಂಗೆಯೆದ್ದ 132–135ರ ಯುದ್ಧದಿಂದ ತಪ್ಪಿಸಿಕೊಂಡು ಬಂದ ಟ್ರೈಫೋ ಎಂಬ ಯೆಹೂದಿಯ ಜೊತೆಗಿನ ಸಂವಾದ. ಅದರ ಒಂದು ತಿರುವು ನನಗೆ ಬಹಳ ಮುಖ್ಯ. ಮೆಸ್ಸೀಯ ಕಷ್ಟಪಡಬೇಕೆಂದು ಗ್ರಂಥ ಹೇಳುತ್ತದೆ ಎಂಬುದನ್ನು ಟ್ರೈಫೋ ಒಪ್ಪುತ್ತಾನೆ. ಅವನು ತಡವರಿಸುವುದು ಶಿಲುಬೆಯ ಮುಂದೆ. ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತನೆಂದು ಧರ್ಮಶಾಸ್ತ್ರ ಹೇಳುವಾಗ ಅಂಥವನು ಮೆಸ್ಸೀಯನಾಗುವುದು ಹೇಗೆ? ಇದು ವಚನಗಳ ತಾಳೆ ನೋಡಿ ಬಗೆಹರಿಯುವ ಪ್ರಶ್ನೆಯಲ್ಲ. ಸಂವಾದ ಮುಗಿದಾಗ ಟ್ರೈಫೋ ಮತಾಂತರವಾಗುವುದಿಲ್ಲ. ಹಡಗು ಹತ್ತಲಿರುವ ಜಸ್ಟಿನ್‌ಗೆ ಶುಭ ಕೋರಿ ಹೊರಡುತ್ತಾನೆ.

ಇದೇ ಕೃತಿಯಲ್ಲಿ ಒಂದು ಎಡವಟ್ಟೂ ಇದೆ, ಅದನ್ನು ಮುಚ್ಚಿಡಬಾರದು. ಕರ್ತನು ಮರದಿಂದಲೇ ಆಳಿದನು ಎಂಬರ್ಥದ ಮಾತು 96ನೇ ಕೀರ್ತನೆಯಲ್ಲಿ ಇತ್ತು, ಯೆಹೂದ್ಯರು ಅದನ್ನು ಅಳಿಸಿದರು ಎಂದು ಜಸ್ಟಿನ್ ಆರೋಪಿಸುತ್ತಾನೆ. ಹೀಬ್ರೂ ಪಾಠದಲ್ಲಿ ಆ ಮಾತಿಲ್ಲ. ಅದು ಕ್ರೈಸ್ತರ ಕೈಯಿಂದ ಸೇರಿದ್ದು. ತಮ್ಮ ಪ್ರತಿಯನ್ನು ನಂಬಿ ಎದುರಾಳಿಯನ್ನು ಕಳ್ಳನೆಂದ ಈ ತಪ್ಪು ಮುಂದೆಯೂ ಮರುಕಳಿಸಿತು. ಇದಕ್ಕೆ ವ್ಯತಿರಿಕ್ತವಾಗಿ ಅಗಸ್ಟೀನ್, ಯೆಹೂದ್ಯರ ಕೈಯಲ್ಲಿ ಗ್ರಂಥಗಳು ಸುರಕ್ಷಿತವಾಗಿ ಇರುವುದೇ ಅವುಗಳನ್ನು ಕ್ರೈಸ್ತರು ಕಟ್ಟಿಲ್ಲ ಎಂಬುದಕ್ಕೆ ಸಾಕ್ಷಿ ಎಂದ. ವಾದ ಗಟ್ಟಿಯಾದದ್ದೇ. ಆದರೆ ಅದು ಒಂದು ಜನಾಂಗವನ್ನು ಇನ್ನೊಬ್ಬರ ಪುಸ್ತಕ ಹೊರುವ ಆಳಿನ ಸ್ಥಾನಕ್ಕೆ ಇಳಿಸಿತು, ಮತ್ತು ಯೂರೋಪಿನ ಯೆಹೂದ್ಯರು ಅದರ ಬೆಲೆ ತೆತ್ತರು.

ಯೆಹೂದ್ಯರ ಉತ್ತರವೂ ಹಳೆಯದೇ. ಸೇವಕನೆಂದರೆ ಚದುರಿ ನರಳುತ್ತಿರುವ ಇಡೀ ಜನಾಂಗ ಎಂದು ಅವರು ತನಗೆ ಹೇಳಿದ್ದನ್ನು ಮೂರನೇ ಶತಮಾನದಲ್ಲಿ ಒರಿಗೆನ್ ದಾಖಲಿಸಿದ್ದಾನೆ. ಹನ್ನೊಂದನೇ ಶತಮಾನದಲ್ಲಿ ರಾಶಿ ಎಂಬ ಯೆಹೂದಿ ವ್ಯಾಖ್ಯಾನಕಾರ ಅದನ್ನೇ ವಿಸ್ತರಿಸಿದ. 1263ರಲ್ಲಿ ಬಾರ್ಸಿಲೋನಾದಲ್ಲಿ ರಾಜ ಒಂದನೆಯ ಹೈಮೆಯ ಎದುರು ನಡೆದ ವಾದದಲ್ಲಿ ನಹ್ಮನಿಡೀಸ್ ಸೇವಕನ ವಿಷಯದ ಜೊತೆಗೆ ಇನ್ನೂ ತೀಕ್ಷ್ಣವಾದ ಒಂದು ಆಕ್ಷೇಪ ಎತ್ತಿದ: ಮೆಸ್ಸೀಯ ಬಂದಾಗ ಯುದ್ಧ ನಿಲ್ಲುವುದೆಂದು ಪ್ರವಾದಿಗಳು ಹೇಳಿದ್ದಾರೆ, ಯೇಸುವಿನ ಕಾಲದಿಂದ ಇಂದಿನವರೆಗೆ ಲೋಕ ಹಿಂಸೆಯಿಂದ ತುಂಬಿದೆಯಲ್ಲ? ನೆರವೇರಿಕೆಯ ಮಾತಾಡುವ ಯಾವ ಕ್ರೈಸ್ತನೂ ಈ ಪ್ರಶ್ನೆಯನ್ನು ದಾಟಿ ಹೋಗಲಾರ.

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ವಾದ ಇಕ್ಕಟ್ಟಿಗೆ ಸಿಕ್ಕಿತು. ಕೇಂಬ್ರಿಜ್‌ನಲ್ಲಿ ನ್ಯೂಟನ್ ಪೀಠಕ್ಕೆ ಬಂದಿದ್ದ ವಿಲಿಯಂ ವಿಸ್ಟನ್, ಹೊಸ ಒಡಂಬಡಿಕೆಯ ಉದ್ಧರಣೆಗಳು ಹೀಬ್ರೂ ಪಾಠಕ್ಕೆ ಹೊಂದದಿರುವುದಕ್ಕೆ ಯೆಹೂದ್ಯರು ಪಾಠ ತಿದ್ದಿದ್ದೇ ಕಾರಣವೆಂದು 1722ರಲ್ಲಿ ಜಸ್ಟಿನ್‌ನ ಆರೋಪವನ್ನೇ ಎತ್ತಿದ. 1724ರಲ್ಲಿ ಆಂಟನಿ ಕಾಲಿನ್ಸ್ ಅದನ್ನು ತಳ್ಳಿಹಾಕಿ, ಆ ಉದ್ಧರಣೆಗಳು ಅಕ್ಷರಾರ್ಥದಲ್ಲಿ ನೆರವೇರಿಲ್ಲ, ಸಾಂಕೇತಿಕವಾಗಿ ಮಾತ್ರ ಹೊಂದುತ್ತವೆ ಎಂದ. ಹತ್ತಾರು ಮಂದಿ ಉತ್ತರ ಬರೆದರು. ಅವರಲ್ಲಿ ಬಹುಪಾಲು ಕಾಲಿನ್ಸ್ ಹಾಕಿದ ಚೌಕಟ್ಟಿನೊಳಗೇ ವಾದಿಸಿದರು: ಭವಿಷ್ಯ ನುಡಿದದ್ದು ಇದು, ಆದದ್ದು ಇದು, ಹೊಂದಿತೋ ಇಲ್ಲವೋ. ಕ್ಲೆಮೆಂಟ್‌ನ ಪತ್ರದಲ್ಲಿದ್ದ ಆಳ ಅಲ್ಲಿ ಕಳೆದುಹೋಯಿತು.

ಪಾಠದ ಕುರಿತ ಜಗಳಕ್ಕೆ ತೆರೆ ಬಿದ್ದದ್ದು ಮೃತ ಸಮುದ್ರದ ದಂಡೆಯಲ್ಲಿ. 1947ರಲ್ಲಿ ಕುಮ್ರಾನ್‌ನ ಮೊದಲ ಗುಹೆಯಲ್ಲಿ ಸಿಕ್ಕ ಸುರುಳಿಗಳಲ್ಲಿ ಇಡೀ ಯೆಶಾಯ ಗ್ರಂಥವಿತ್ತು: ಹದಿನೇಳು ಚರ್ಮದ ಹಾಳೆಗಳನ್ನು ಹೊಲಿದು ಜೋಡಿಸಿದ, 54 ಅಂಕಣಗಳ, ಏಳು ಮೀಟರಿಗೂ ಉದ್ದವಾದ ಸುರುಳಿ. ಅದರ ಕಾಲ ಕ್ರಿ.ಪೂ. ಎರಡನೇ ಶತಮಾನ. ಅಲ್ಲಿಯವರೆಗೆ ಲಭ್ಯವಿದ್ದ ಸಂಪೂರ್ಣ ಹೀಬ್ರೂ ಹಸ್ತಪ್ರತಿಗಳಿಗಿಂತ ಇದು ಸುಮಾರು ಸಾವಿರ ವರ್ಷ ಹಳೆಯದು. 53ನೇ ಅಧ್ಯಾಯ ಅಲ್ಲಿ ಇದೆ; ಸಣ್ಣ ಪಾಠಾಂತರಗಳಿದ್ದರೂ ಸೇವಕನ ಚಿತ್ರ ಅದೇ. ಕ್ರೈಸ್ತರು ಬರೆದು ಸೇರಿಸಿದರೆಂಬ ಸಂಶಯಕ್ಕಾಗಲಿ, ಯೆಹೂದ್ಯರು ತಿದ್ದಿದರೆಂಬ ಆರೋಪಕ್ಕಾಗಲಿ ಈ ಅಧ್ಯಾಯದ ಮಟ್ಟಿಗೆ ಆಸ್ಪದ ಉಳಿಯಲಿಲ್ಲ.

ಸೇವಕ ಯಾರು ಎಂಬುದನ್ನು ಸುರುಳಿ ಹೇಳುವುದಿಲ್ಲ. ಅದಕ್ಕೆ ಮೊದಲ ಕ್ರೈಸ್ತರು ಗ್ರಂಥವನ್ನು ಓದಿದ ಬಗೆಯನ್ನೇ ನೋಡಬೇಕು. 1952ರಲ್ಲಿ ಹೊಸ ಒಡಂಬಡಿಕೆಯ ವಿದ್ವಾಂಸ ಸಿ. ಎಚ್. ಡಾಡ್, ಮೊದಲ ಕ್ರೈಸ್ತರು ಬಿಡಿ ವಚನ ಹೆಕ್ಕುತ್ತಿರಲಿಲ್ಲ, ಒಂದು ವಚನದಿಂದ ಇಡೀ ಭಾಗವನ್ನೇ ನೆನಪಿಗೆ ತರುತ್ತಿದ್ದರು ಎಂದು ವಾದಿಸಿದರು. 1959ರಲ್ಲಿ ಮಾರ್ನಾ ಹೂಕರ್ ಇದನ್ನು ಎದುರಿಸಿ, ಯೇಸು ತನ್ನನ್ನು ಈ ಸೇವಕನೊಂದಿಗೆ ಗುರುತಿಸಿಕೊಂಡನೆಂಬುದಕ್ಕೆ ಸುವಾರ್ತೆಗಳಲ್ಲಿ ಆಧಾರ ತೀರ ಕಡಿಮೆ ಎಂದರು. ನನ್ನ ಒಲವು ಡಾಡ್ ಕಡೆಗೆ. ಆದರೆ ಹೂಕರ್ ಹೇಳಿದ್ದೇ ಸರಿ ಎಂದಿಟ್ಟುಕೊಂಡರೂ ಪೇತ್ರನ ಪತ್ರ ಅಲುಗುವುದಿಲ್ಲ. ಶಿಲುಬೆಯ ಮರಣವನ್ನು ಈ ಅಧ್ಯಾಯದ ಮಾತುಗಳಲ್ಲಿ ಅರ್ಥಮಾಡಿಕೊಂಡ ಒಂದು ಸಮುದಾಯ, ಜಸ್ಟಿನ್ ಲೇಖನಿ ಹಿಡಿಯುವ ಎಷ್ಟೋ ವರ್ಷ ಮೊದಲೇ, ಅದನ್ನು ಪೆಟ್ಟು ತಿಂದ ಗುಲಾಮರ ಮುಂದೆ ಓದುತ್ತಿತ್ತು.